ಬೋರ್ಡಿಗೆ ಶೇಕಡಾ 60, ನಿಮ್ಮ ಮನೆಯ ಪರದೆಗೆ ಎಷ್ಟು?

ಕನ್ನಡದ ತರುಣರೇ, ಒಂದು ನೇರ ಪ್ರಶ್ನೆ. ಕೋಪಿಸಿಕೊಳ್ಳದೆ ಉತ್ತರಿಸಿ.

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ನೆಲಕ್ಕುರುಳಿದವು. ಮರುವರ್ಷವೇ ಸರ್ಕಾರ ಕಾನೂನು ತಿದ್ದಿ, ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಲೇಬೇಕು ಎಂದಿತು. ಸಂತೋಷ. ಬೋರ್ಡಿಗಾಗಿ ಗಂಟಲು ಹರಿದುಕೊಂಡು ಸಂಜೆ ಮನೆಗೆ ಬಂದ ಹುಡುಗ ಟೀವಿ ಹಾಕುತ್ತಾನೆ. ಮೊದಲ ಪರದೆ ಇಂಗ್ಲಿಷ್. ಚಿತ್ರಗಳ ಪಟ್ಟಿ ಇಂಗ್ಲಿಷ್. ಅಡಿಬರಹ ಇಂಗ್ಲಿಷ್. ಮೊಬೈಲಿನಲ್ಲಿ ಕಾಣುವ ತನ್ನದೇ ವೈಫೈ ಹೆಸರೂ ಇಂಗ್ಲಿಷ್! ಅಂಗಡಿಯವನಿಗೆ 60 ವಿಧಿಸಿದ ಈ ವೀರ ತನ್ನ ನಡುಮನೆಗೆ ಕೊಟ್ಟಿರುವುದು ಎಷ್ಟು? ಸೊನ್ನೆ!

ಇದು ಯಾರ ಪಿತೂರಿಯೂ ಅಲ್ಲ ಸ್ವಾಮಿ. ನಮ್ಮದೇ ಸೋಮಾರಿತನ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹುಡುಗರು ಈಗ ಟೀವಿಯ ಬೆನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿ ಮನೆಯನ್ನೇ ಟಾಕೀಸು ಮಾಡಿಕೊಳ್ಳುತ್ತಿದ್ದಾರೆ. ಮಾಡಲಿ. ಸಾಮಾನು ಎಲ್ಲಿ ಸಿಗುತ್ತದೆ? ಎಸ್.ಪಿ. ರೋಡಿನಲ್ಲಿ. ಆ ಎರಡಕ್ಷರದ ಹಿಂದೆ ಇರುವ ಹೆಸರು ಸಾದರ ಪತ್ರಪ್ಪ ಎಂಬುದು ಅಲ್ಲಿ ಚೌಕಾಸಿ ಮಾಡುವ ಎಷ್ಟು ಜನರಿಗೆ ಗೊತ್ತು? ಅಲ್ಲಿ ನಿಂತು ನಮ್ಮ ಹುಡುಗ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಬೆಲೆ ಕೇಳುತ್ತಾನೆ. ಅಂಗಡಿಯವನು ಎಷ್ಟೋ ಸಲ ಕನ್ನಡದಲ್ಲೇ ಉತ್ತರ ಕೊಡುತ್ತಾನೆ! ವ್ಯಾಪಾರಿಗೆ ಗಿರಾಕಿಯ ಭಾಷೆ ಮುಖ್ಯ. ಗಿರಾಕಿಯೇ ತನ್ನ ಭಾಷೆ ಬಚ್ಚಿಟ್ಟರೆ ಅವನೇನು ಮಾಡಿಯಾನು?

ಯಂತ್ರದ ವಿಷಯ ದೊಡ್ಡದೇನಲ್ಲ. 2023ರಿಂದ ಸಿಗುತ್ತಿರುವ ಇಂಟೆಲ್ ಎನ್100 ಚಿಪ್ಪಿನ ಪುಟ್ಟ ಪೆಟ್ಟಿಗೆ ಸಾಕು. ಚಿಪ್ಪಿನ ಲೆಕ್ಕದ ವಿದ್ಯುತ್ ಬರೀ 6 ವ್ಯಾಟ್. ಹೆಚ್‌ಇವಿಸಿ, ಎವಿ1 ಮಾದರಿಯ ಚಿತ್ರಗಳನ್ನು ಚಿಪ್ಪೇ ಬಿಡಿಸಿಕೊಳ್ಳುತ್ತದೆ. 8 ಜಿಬಿ ರ್‍ಯಾಮ್, ಚಿತ್ರ ತುಂಬಿಡಲು ಒಂದು ಹಾರ್ಡ್ ಡಿಸ್ಕ್, ಟೀವಿಗೆ ಒಂದು ಎಚ್‌ಡಿಎಂಐ ವೈರು. ಮೇಲೆ ಕೋಡಿ ಅಥವಾ ವಿಎಲ್‌ಸಿ, ಎರಡೂ ಪುಕ್ಕಟೆ.

ಕಷ್ಟ ಶುರುವಾಗುವುದು ಗೋಡೆಯಲ್ಲಿ. ನಮ್ಮ ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ಕಾಲದಲ್ಲಿ ಎದ್ದು ನಿಂತ ಬಡಾವಣೆಗಳು. ಉಳಿದಿರುವ ಹಳೆಯ ಮನೆಗಳ ಗೋಡೆ ಮೊಳದಷ್ಟು ದಪ್ಪ. ವೈಫೈನ 5 ಗಿಗಾಹರ್ಟ್ಸ್ ತರಂಗ ವೇಗದ್ದು, ಆದರೆ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಅದರ ಉಸಿರು ನಿಲ್ಲುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟೀತು, ಆದರೆ ಅಲ್ಲಿ ಹಬ್ಬದ ಹಿಂದಿನ ದಿನದ ಗಾಂಧಿಬಜಾರಿನ ನೂಕುನುಗ್ಗಲು. ಒಂದರ ಮೇಲೊಂದು ಬೀಳದ ಚಾನೆಲ್ಲು ಅಲ್ಲಿ ಮೂರೇ: 1, 6, 11. ಬೀದಿಯ ಎಲ್ಲಾ ಮನೆಗಳೂ ಅದನ್ನೇ ಹಂಚಿಕೊಳ್ಳಬೇಕು. ಸಾಲದ್ದಕ್ಕೆ ಅಡುಗೆಮನೆಯ ಮೈಕ್ರೋವೇವ್ ಓವನ್ನೂ ಅದೇ ತರಂಗದ್ದು. ಚಿತ್ರ ತಡವರಿಸಿದರೆ ಕಂಪನಿಯನ್ನು ಬೈಯುವ ಮೊದಲು ರೂಟರನ್ನು ಸ್ಟೀಲ್ ಬೀರುವಿನ ಹಿಂದಿನಿಂದ ತೆಗೆದು ಎತ್ತರದಲ್ಲಿಡಿ. ಬ್ಲೂ-ರೇ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಬೇಕು. ಟೀವಿಯ ಪೆಟ್ಟಿಗೆ ಅಲುಗಾಡುವ ವಸ್ತುವಲ್ಲ. ವೆಂಟಿಲೇಟರಿನಿಂದ ಒಂದು ಕೇಬಲ್ ಎಳೆದುಬಿಟ್ಟರೆ ಗೋಡೆಯ ಜಗಳವೇ ಇಲ್ಲ.

ಇಷ್ಟು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಹೇಳಿಕೊಡದ ಸಂಗತಿಗೆ ಬರೋಣ.

ನಿಮ್ಮ ವೈಫೈಗೆ ಕನ್ನಡದಲ್ಲಿ ಹೆಸರಿಡಲು ಎಂದಾದರೂ ಯತ್ನಿಸಿದ್ದೀರಾ? ಯತ್ನಿಸಿ, ಆಗ ತಿಳಿಯುತ್ತದೆ ನಮ್ಮ ಜಾಗ ಎಲ್ಲಿದೆ ಎಂದು. ವೈಫೈನ ನಿಯಮ ಮೊದಲು ಬಂದದ್ದು 1997ರಲ್ಲಿ. ಹೆಸರಿಗೆ ಅದು ಕೊಟ್ಟಿರುವ ಜಾಗ 32 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, 32 ಅಕ್ಷರ ಹಾಯಾಗಿ ಕೂರುತ್ತವೆ. ಗ್ರೀಕ್, ರಷ್ಯನ್ ಅಕ್ಷರಕ್ಕೆ ಎರಡು. ಕನ್ನಡಕ್ಕೆ ಮೂರು! ಅದೂ ಪೂರ್ತಿ ಅಕ್ಷರಕ್ಕಲ್ಲ. ತಲೆಕಟ್ಟು ಬಿಟ್ಟು ಉಳಿದ ಕೊಂಬು, ಗುಡಿಸು, ಸೊನ್ನೆ, ಒತ್ತಿನ ಗಂಟು, ಒಂದೊಂದಕ್ಕೂ ಬೇರೆ ಬೇರೆ ಮೂರು. ಅಂದರೆ ನಮಗೆ ಸಿಗುವುದು ಹತ್ತೇ ಹತ್ತು ಗುರುತು.

ಲೆಕ್ಕ ಹಾಕಿ ನೋಡಿ. ಬಸವನಗುಡಿ: ಎಂಟು ಗುರುತು, 24 ಬೈಟ್, ಹಿಡಿಸುತ್ತದೆ. ಮಲ್ಲೇಶ್ವರ: 27, ಹಿಡಿಸುತ್ತದೆ. ಚಾಮರಾಜಪೇಟೆ: ಸರಿಯಾಗಿ 30, ಉಸಿರು ಬಿಗಿಹಿಡಿದು ಹಿಡಿಸುತ್ತದೆ. ತ್ಯಾಗರಾಜನಗರ? ಹನ್ನೊಂದು ಗುರುತು, 33 ಬೈಟ್. ಒಂದೇ ಒಂದು ಬೈಟಿಗೆ ತ್ಯಾಗರಾಜರು ಹೊರಗೆ!

ಗುಪ್ತಪದದ ಕಥೆ ಇನ್ನೂ ಚೆಂದ. ಡಬ್ಲ್ಯೂಪಿಎ2 ನಿಯಮದ ಪ್ರಕಾರ ಅದು 8ರಿಂದ 63 ಇಂಗ್ಲಿಷ್ ಗುರುತುಗಳಲ್ಲೇ ಇರಬೇಕು. ಕನ್ನಡಕ್ಕೆ ಬಾಗಿಲೇ ಇಲ್ಲ. ಇನ್ನು ನಾನು ತೆರೆದು ನೋಡಿದ ಯಾವ ರೂಟರಿನಲ್ಲೂ ಕನ್ನಡದ ಪುಟ ಇರಲಿಲ್ಲ. ಕೆಲವಂತೂ ಕನ್ನಡದ ಹೆಸರು ಹೊಡೆದರೆ ತಪ್ಪು ಎಂದು ಕೆಂಪಗೆ ಕಣ್ಣು ಬಿಟ್ಟವು. ಎಲಾ ಇವನ! ನನ್ನ ದುಡ್ಡು, ನನ್ನ ಮನೆ, ನನ್ನ ಊರಿನ ಹೆಸರು, ತಪ್ಪು ಎನ್ನಲು ಇವನಾರು?

ಕನ್ನಡ ದ್ವೇಷದಿಂದ ಯಾರೂ ಈ ನಿಯಮ ಬರೆಯಲಿಲ್ಲ. ಬರೆಯುವ ಮೇಜಿನ ಸುತ್ತ ಇದ್ದವರಿಗೆ ಕನ್ನಡ ನೆನಪಾಗಲಿಲ್ಲ, ಅಷ್ಟೇ. ನೆನಪಿಸುವ ಕನ್ನಡಿಗ ಎಲ್ಲಿದ್ದ? ಸಾಫ್ಟ್‌ವೇರ್ ರಾಜಧಾನಿ ಎಂದು ಬೀಗುವ ಊರಿನವರು ನಾವು!

ಹಾಗೆಂದು ಕನ್ನಡಕ್ಕಾಗಿ ದುಡಿದವರೇ ಇಲ್ಲವೆಂದರೆ ನಾಲಿಗೆ ಸೇದೀತು. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು 1998ರಲ್ಲಿ 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅಕ್ಷರಶೈಲಿ ಬಂತು. ಅವರು ಹಾಸಿದ ದಾರಿಯಲ್ಲಿ ನಡೆಯಲೂ ನಮಗೆ ಕಾಲು ನೋವು!

"ಕನ್ನಡ ಸರಿಯಾಗಿ ಬರಲ್ಲ ಗುರೂ" ಎಂಬುದು ನಮ್ಮ ಹುಡುಗರ ಸಿದ್ಧ ಉತ್ತರ. ಬರುವುದಿಲ್ಲವಲ್ಲ, ಏಕೆಂದು ನೋಡಿದ್ದೀಯೇನಪ್ಪಾ? ಪರದೆಯ ಮೇಲೆ ಖಾಲಿ ಚೌಕಗಳು ಸಾಲುಗಟ್ಟಿದರೆ ಅಕ್ಷರಶೈಲಿ ಇಲ್ಲವೆಂದರ್ಥ. ನೋಟೋ ಸಾನ್ಸ್ ಕನ್ನಡ ಉಚಿತ, ಹಾಕಿಕೋ. ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಲ್ಯಾಟಿನ್ ಅಕ್ಷರಗಳು ಕಂಡರೆ ಕಾಯಿಲೆ ಎರಡರಲ್ಲೊಂದು: ಕಡತ ಹಳೆಯ ನುಡಿ ಅಕ್ಷರಗಳಲ್ಲಿದೆ, ಅಥವಾ ಯೂನಿಕೋಡ್ ಕಡತವನ್ನು ಪ್ಲೇಯರ್ ತಪ್ಪಾಗಿ ಓದುತ್ತಿದೆ. ಮೊದಲನೆಯದಕ್ಕೆ ಯೂನಿಕೋಡಿಗೆ ಪರಿವರ್ತಿಸು. ಎರಡನೆಯದಕ್ಕೆ ಸೆಟ್ಟಿಂಗಿನಲ್ಲಿ ಯುಟಿಎಫ್-8 ಆರಿಸು. ಅಕ್ಷರ ಬಂದು ಒತ್ತಕ್ಷರ ಮಾತ್ರ ಕಳಚಿ ಪಕ್ಕದಲ್ಲಿ ನಿಂತರೆ, ಅಮ್ಮ ಹೋಗಿ ಅಮ್‌ಮ ಆದರೆ, ಆ ತಂತ್ರಾಂಶಕ್ಕೆ ಅಕ್ಷರ ಕೂಡಿಸುವ ವಿದ್ಯೆ ಇಲ್ಲ. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಆ ಕೆಲಸ ಮಾಡುತ್ತದೆ. ಅದನ್ನು ಬಳಸುವ ಪ್ಲೇಯರ್ ಹಿಡಿ. ಟೀವಿಯೊಳಗಿನ ಪ್ಲೇಯರಿನಲ್ಲಿ ಕೆಡುವ ಕನ್ನಡ ಬೆನ್ನಿಗೆ ಕಟ್ಟಿದ ಕಂಪ್ಯೂಟರಿನಲ್ಲಿ ಮುತ್ತಿನಂತೆ ಮೂಡುವುದು ಇದೇ ಕಾರಣಕ್ಕೆ. ಸ್ವಂತ ಪೆಟ್ಟಿಗೆ ಏಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರವೂ ಇದೇ. ಕಂಪನಿ ಕೊಟ್ಟ ಟೀವಿಯಲ್ಲಿ ಕಂಪನಿ ಇಟ್ಟದ್ದೇ ಭಾಷೆ. ನಾವೇ ಜೋಡಿಸಿದ ಯಂತ್ರದಲ್ಲಿ ನಾವು ಇಟ್ಟದ್ದು.

ಅದರೊಳಗೆ ಏನು ತುಂಬಿಸಬೇಕು? ಮೊದಲು ಅಟ್ಟ ಹತ್ತಿ ನೋಡಿ. ಅಪ್ಪ ಕೊಂಡ ವಿಸಿಡಿಗಳು ಅಲ್ಲಿ ಧೂಳು ತಿನ್ನುತ್ತಿರುತ್ತವೆ. ಒಂದು ಚಿತ್ರಕ್ಕೆ ಎರಡು ಮೂರು ತಟ್ಟೆ. ಒಂದೊಂದು ತಟ್ಟೆಯಲ್ಲೂ ಚಿತ್ರದ ಕಡತಕ್ಕೆ ಅದೇ ಹೆಸರು, ಎವಿಸೆಕ್01! 'ಬಂಗಾರದ ಮನುಷ್ಯ'ನಿಗೂ ಅದೇ, 'ಸಂಸ್ಕಾರ'ಕ್ಕೂ ಅದೇ. ತಟ್ಟೆ ಸಾಯುವ ಮೊದಲು ಇಳಿಸಿಕೊಂಡು ಕನ್ನಡದಲ್ಲಿ ಹೆಸರಿಡಿ, ಈಗಿನ ಕಂಪ್ಯೂಟರು ತಕರಾರಿಲ್ಲದೆ ಒಪ್ಪುತ್ತದೆ. ಮನೆಯ ಮದುವೆ ಮುಂಜಿಯ ಕ್ಯಾಸೆಟ್ಟುಗಳನ್ನೂ ಬಿಡಬೇಡಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಇಂದು ನೋಡೋಣವೆಂದರೆ ಒಂದು ಪ್ರತಿಯೂ ಇಲ್ಲ. ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಉಳಿದಿತ್ತು. ಹಾಗಾಗಿ ಅದು ಹೊಸ ಹೊಳಪು ಪಡೆದು 2024ರಲ್ಲಿ ವೆನಿಸ್ ಉತ್ಸವದ ಪರದೆ ಏರಿತು. ಉಳಿಸಿದ್ದು ಮಾತ್ರ ಉಳಿಯುತ್ತದೆ ಸ್ವಾಮಿ, ಅಭಿಮಾನ ತುಂಬಿದ ಭಾಷಣದಿಂದ ರೀಲು ಹುಟ್ಟುವುದಿಲ್ಲ.

ಪರಭಾಷೆಯ ಚಿತ್ರಗಳ ಮಾತು ಬಂದರೆ ನಮ್ಮಲ್ಲೇ ಎರಡು ಬಣ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ವಾಣಿಜ್ಯ ಮಂಡಳಿಗೆ ದಂಡ ಹಾಕಿದಾಗಿನಿಂದ ಆ ಜಗಳ ಮುಗಿದಿಲ್ಲ, ಇಲ್ಲಿ ಅದನ್ನು ಕೆದಕುವುದೂ ಇಲ್ಲ. ಎರಡೂ ಬಣ ಕೈಹಾಕಬಹುದಾದ ಕೆಲಸ ಒಂದಿದೆ: ಕನ್ನಡ ಅಡಿಬರಹ. ಅಡಿಬರಹದ ಕಡತವೆಂದರೆ ಸಾಲಿನ ಸಂಖ್ಯೆ, ಸಮಯ, ಮಾತು, ಇಷ್ಟೇ. ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಒಂದು ಚಿತ್ರಕ್ಕೆ ಸಾವಿರಕ್ಕೂ ಹೆಚ್ಚು ಸಾಲು ಹಿಡಿದೀತು. ನಾಲ್ವರು ಗೆಳೆಯರು ಹಂಚಿಕೊಂಡರೆ ಎರಡು ವಾರ. ಹತ್ತು ವರ್ಷದ ತಂಗಿ ಜಪಾನಿನ ಚಿತ್ರವನ್ನು ಇಂಗ್ಲಿಷಿನ ಊರುಗೋಲಿಲ್ಲದೆ ನೇರ ಕನ್ನಡದಲ್ಲಿ ಓದುತ್ತಾ ನೋಡಲಿ. ಅವಳು ಕನ್ನಡ ಓದುವ ವೇಗ ತಾನಾಗಿ ಏರುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ ಮನೆಯಲ್ಲಿ ಕೊರಗುವವರಿಗೆ ಇದಕ್ಕಿಂತ ಅಗ್ಗದ ಔಷಧಿ ನನಗಂತೂ ತಿಳಿಯದು.

ಕೋಡಿಯಲ್ಲಿ, ವಿಎಲ್‌ಸಿಯಲ್ಲಿ ಕನ್ನಡದ ಅನುವಾದದ ಕಡತಗಳಿವೆ. ಪೂರ್ತಿಯಾಗಿಲ್ಲ. ಪೂರ್ತಿ ಮಾಡಬೇಡಿ ಎಂದು ಯಾರೂ ಕೈ ಹಿಡಿದಿಲ್ಲ. ಕೋಡಿಯ ಅನುವಾದ ವೆಬ್‌ಲೇಟಿನಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಸೇರಬಹುದು. ನವೆಂಬರಿನ ಆರ್ಕೆಸ್ಟ್ರಾಕ್ಕೆ ಚಂದಾ ಎತ್ತುವ ಸಂಘಗಳು ಒಂದು ತಿಂಗಳ ಭಾನುವಾರಗಳನ್ನು ಇದಕ್ಕೆ ಕೊಡಲಿ.

ಸರ್ಕಾರವನ್ನೂ ಬಿಡುವುದಿಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನು ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡದಲ್ಲಿ ಹೆಸರು, ಬಳಕೆಯ ಸೂಚನೆ ಬೇಕೆನ್ನುತ್ತದೆ. ಹೊರಗಿನಿಂದ ಬಂದು ಇಲ್ಲಿ ಮಾರಾಟವಾಗುವ ರೂಟರಿಗೆ? ಮನೆಗೆ ಸಂಪರ್ಕ ಕೊಡಲು ಬರುವ ಕಂಪನಿ ಕನ್ನಡದ ಸೂಚನಾಪತ್ರ ತರಲಿ, ಕನ್ನಡದ ಹೆಸರು ಒಪ್ಪುವ ರೂಟರ್ ತರಲಿ ಎಂಬ ಬೇಡಿಕೆ ಬೀದಿಗೆ ಬರಬೇಕು. ಹೊಸ ಸಂಪರ್ಕದ ಹುಡುಗ ಬಂದು "ಹೆಸರೇನಿಡಲಿ ಸಾರ್" ಎಂದಾಗಲೇ ಅರ್ಧ ಕೆಲಸ ಆಗಿಬಿಡುತ್ತದೆ. ನಾವು ಬಾಯಿ ಬಿಡಬೇಕು.

ಒಂದು ಪಂಥಾಹ್ವಾನ. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಗೆ ಹೋಗಿ. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿನ ಮುಂದೆ ನಿಂತು ಮೊಬೈಲಿನಲ್ಲಿ ವೈಫೈ ಪಟ್ಟಿ ತೆರೆಯಿರಿ. ಕನ್ನಡ ಲಿಪಿಯ ಹೆಸರು ಎಷ್ಟು, ಎಣಿಸಿ ಈ ಪತ್ರಿಕೆಗೆ ಬರೆಯಿರಿ. ಆಮೇಲೆ ನಿಮ್ಮ ಬೀದಿಯದನ್ನೂ ಎಣಿಸಿ. ತ್ಯಾಗರಾಜನಗರದವರು ಸದ್ಯಕ್ಕೆ 'ತ್ಯಾಗರಾಜ' ಎಂದಷ್ಟೇ ಇಟ್ಟುಕೊಳ್ಳಿ, 24 ಬೈಟಿಗೆ ಹಿಡಿಸುತ್ತದೆ. 'ನಗರ'ಕ್ಕೆ ಜಾಗ ಕೇಳುವ ಪತ್ರವನ್ನು ಇಂದೇ ರೂಟರ್ ಕಂಪನಿಗೆ ಹಾಕಿ, ಕನ್ನಡದಲ್ಲೇ.