ಎಲೆಯಿಲ್ಲದ ಕರೀರವೂ ‘ಪಾಳುಭೂಮಿ’ ಎಂಬ ಮಾತೂ

ಭರ್ತೃಹರಿಯ ನೀತಿಶತಕವನ್ನು ಓದಿದವರಿಗೆ ಕರೀರವೆಂಬ ಗಿಡದ ಹೆಸರು ಪರಿಚಿತವಾಗಿರಬಹುದು. ವಸಂತವು ಬಂದರೂ ಎಲೆಯನ್ನು ಕಾಣದ ಈ ಗಿಡವನ್ನು ಕವಿಯು ವಿಧಿಯ ಬಲಕ್ಕೆ ನಿದರ್ಶನವಾಗಿ ತೆಗೆದುಕೊಂಡಿರುವನು. ಕಾವ್ಯದಲ್ಲಿ ಆ ಮಾತು ಒಪ್ಪುವುದು. ಆದರೆ ವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಕರೀರವು ಎಲೆಯಿಲ್ಲದೆ ಇರುವುದು ದುರದೃಷ್ಟದಿಂದಲ್ಲ, ಸಾಮರ್ಥ್ಯದಿಂದ. ಈ ಗಿಡವನ್ನೂ ಅದರ ನೆಲೆಯನ್ನೂ ಕಂಡು ಮರುಕಪಡುವ ನಮ್ಮ ಅಭ್ಯಾಸವೇ ಇಂದು ಅವೆರಡಕ್ಕೂ ಅಪಾಯವನ್ನು ತಂದಿದೆ ಎಂಬುದು ನಮ್ಮ ಅಭಿಪ್ರಾಯ.

ಸಸ್ಯಶಾಸ್ತ್ರಜ್ಞರು ಕ್ಯಾಪರಿಸ್ ಡೆಸಿಡ್ಯುವ ಎಂದು ಕರೆಯುವ ಈ ಮುಳ್ಳುಪೊದೆಗೆ ರಾಜಸ್ಥಾನದ ಜನರು ಕೇರ್ ಎನ್ನುವರು. ಆಫ್ರಿಕದ ಒಣನಾಡುಗಳಿಂದ ಹಿಡಿದು ಅರೇಬಿಯದ ಮೂಲಕ ಸಿಂಧ್ ಮತ್ತು ಥಾರ್ ಮರುಭೂಮಿಯವರೆಗೆ ಇದರ ನೆಲೆ ಹಬ್ಬಿದೆ. ಥಾರಿನ ಪಶ್ಚಿಮಕ್ಕಿರುವ ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 200 ಮಿಲಿಮೀಟರಿಗಿಂತ ಕಡಿಮೆ. ಅಲ್ಲಿಗೆ ಸಮೀಪದ ಫಲೋದಿಯಲ್ಲಿ 2016ರ ಮೇ 19ರಂದು ಉಷ್ಣತೆಯು 51 ಡಿಗ್ರಿ ಸೆಂಟಿಗ್ರೇಡಿಗೆ ಏರಿತ್ತು. ಇಂತಹ ಸ್ಥಳದಲ್ಲಿ ಎಲೆಯೆಂಬುದು ಎಷ್ಟು ದುಬಾರಿಯ ವಸ್ತುವೆಂಬುದನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ.

ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲೊರಿ ಶಾಖ ಬೇಕೆಂದು ವಿದ್ಯಾರ್ಥಿಗಳು ಕಲಿತಿರುವರು. ಸಾಮಾನ್ಯ ಉಷ್ಣತೆಯಲ್ಲಿ ಈ ಪ್ರಮಾಣ ಸುಮಾರು 580 ಕ್ಯಾಲೊರಿ. ನಡುಹಗಲಿನ ನಿಚ್ಚಳ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಶಕ್ತಿಯನ್ನು ಸುರಿಸುವುದು. ಎಲೆಗಳು ಅದರಲ್ಲಿ ಅರ್ಧವನ್ನು ಹೀರಿ, ಆ ಶಾಖವನ್ನೆಲ್ಲ ನೀರನ್ನು ಆವಿಯಾಗಿಸಿಯೇ ಕಳೆದುಕೊಳ್ಳಬೇಕೆಂದು ಭಾವಿಸಿದರೆ, ಒಂದು ಚದರ ಮೀಟರಿಗೆ ಗಂಟೆಗೆ ಮುಕ್ಕಾಲು ಲೀಟರಿನಷ್ಟು ನೀರು ಖರ್ಚಾಗುವುದು. 200 ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ 200 ಲೀಟರ್ ಮಾತ್ರ. ದಿನಕ್ಕೆ ಎಂಟು ಗಂಟೆಯ ಬಿಸಿಲೆಂದರೆ, ವರ್ಷದ ಮಳೆಯೆಲ್ಲವೂ ಸುಮಾರು ಒಂದು ತಿಂಗಳಲ್ಲೇ ಮುಗಿದುಹೋಗುವುದು!

ಕರೀರವು ಈ ಲೆಕ್ಕವನ್ನು ಬೇರೊಂದು ರೀತಿಯಲ್ಲಿ ಬಿಡಿಸಿದೆ. ಎಳೆಯ ರೆಂಬೆಗಳಲ್ಲಿ ಮೂಡುವ ಪುಟ್ಟ ಎಲೆಗಳು ಬಹು ಬೇಗನೆ ಉದುರುವುವು. ಆಹಾರ ತಯಾರಿಕೆಯ ಕೆಲಸವನ್ನು ಪತ್ರಹರಿತ್ತಿರುವ ಹಸಿರು ಕಡ್ಡಿಗಳೇ ವಹಿಸಿಕೊಳ್ಳುವುವು. ತೆಳ್ಳನೆಯ ಕಡ್ಡಿಯ ಸುತ್ತ ನಿಲ್ಲುವ ಗಾಳಿಯ ಪದರವೂ ತೆಳುವಾಗಿರುವುದರಿಂದ, ಅದರ ಶಾಖವು ಬೀಸುವ ಗಾಳಿಗೆ ಸುಲಭವಾಗಿ ಹರಿಯುವುದು. ಅಗಲವಾದ ಬಾಳೆಯೆಲೆಗೆ ಈ ಸೌಲಭ್ಯವಿಲ್ಲ. ಜೋಡಿಜೋಡಿಯಾದ ಮುಳ್ಳುಗಳು ಮೇಯುವ ಪ್ರಾಣಿಗಳನ್ನು ಸ್ವಲ್ಪಮಟ್ಟಿಗೆ ದೂರವಿಡುವುವು. ಆಳಕ್ಕಿಳಿಯುವ ಬೇರುಗಳು ತೇವವನ್ನು ಹುಡುಕುವುದಲ್ಲದೆ, ಅಲ್ಲಲ್ಲಿ ಹೊಸ ಸಸಿಗಳನ್ನು ಎಬ್ಬಿಸಿ, ಹಾರುವ ಮರಳನ್ನು ಹಿಡಿದು ನಿಲ್ಲಿಸುವುವು.

ಇಷ್ಟು ಮಿತವ್ಯಯದ ಗಿಡವು ಕೊಡುವುದರಲ್ಲಿ ಜಿಪುಣನಲ್ಲ. ಬೇಸಗೆ ಕಾಲಿಡುವಾಗ ಅದು ಕೆಂಪು ಹೂಗಳಿಂದ ತುಂಬುವುದು. ಅದರ ಎಳೆಗಾಯಿಗಳನ್ನು ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ, ಒಣಗಿಸಿ ಇಟ್ಟುಕೊಳ್ಳುವರು. ಖೇಜಡಿಯ ಕಾಯಿಗಳೊಡನೆ ಇದನ್ನು ಬೇಯಿಸಿದರೆ ರಾಜಸ್ಥಾನದ ಪ್ರಸಿದ್ಧ ಕೇರ್ ಸಾಂಗ್ರಿ ಪಲ್ಯವಾಗುವುದು. ಆ ಖೇಜಡಿ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ. ಊರವರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದಿರುವ ‘ಓರಣ್’ ಎಂಬ ಬನಗಳಲ್ಲಿ ಈ ಗಿಡಮರಗಳ ನಡುವೆ ಕುರಿ, ಒಂಟೆಗಳು ಮೇಯುವುವು.

ಹೀಗಿರುವಲ್ಲಿ ನಮ್ಮ ಸರಕಾರಿ ನಕ್ಷೆಗಳು ಹೇಳುವುದೇನು? ದೇಶದ ಪಾಳುಭೂಮಿಗಳ ನಕ್ಷಾಸಂಪುಟದಲ್ಲಿ ಕುರುಚಲು ನೆಲವೂ ಮರುಭೂಮಿಯ ಮರಳೂ ಪಾಳುಭೂಮಿಯ ವರ್ಗಗಳಾಗಿ ಸೇರಿವೆ. ಪಾಳೆಂದು ಒಮ್ಮೆ ಹೆಸರಿಟ್ಟ ಮೇಲೆ ಅಲ್ಲಿ ಏನು ಮಾಡಿದರೂ ಲಾಭವೇ ಎಂಬ ಭಾವನೆ ಬೆಳೆಯುವುದು ಸಹಜ. ಫಲೋದಿಯ ಬಳಿಯ ಭಡ್ಲಾದಲ್ಲಿ ಸುಮಾರು 14 ಸಾವಿರ ಎಕರೆಗಳ ಮೇಲೆ 2,245 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರ ಎದ್ದಿದೆ. ನಾವು ಭೌತವಿಜ್ಞಾನವನ್ನು ಪಾಠ ಹೇಳುವವರು, ಸೌರಶಕ್ತಿಯ ವಿರೋಧಿಗಳಲ್ಲ. ಕಲ್ಲಿದ್ದಲಿನ ಹೊಗೆಗಿಂತ ಬಿಸಿಲು ಎಷ್ಟೋ ಮೇಲು. ಆದರೆ ಒಂದು ಯೋಜನೆಯ ಆಯವ್ಯಯವನ್ನು ಬರೆಯುವಾಗ ನೆಲದ ಬೆಲೆಯನ್ನು ಸೊನ್ನೆಯೆಂದು ಬರೆಯುವುದು ವಿಜ್ಞಾನವಲ್ಲ, ಲೆಕ್ಕದ ತಪ್ಪು. ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಸೌರಸ್ಥಾವರಕ್ಕಾಗಿ ರೈತರಿಂದ ಭೂಮಿಯನ್ನು ಗುತ್ತಿಗೆಗೆ ಪಡೆದು ಹಣ ತೆರಲಾಗುತ್ತಿದೆ. ಕರೀರದ ಪೊದೆಗೆ ಗುತ್ತಿಗೆ ಪತ್ರವಿಲ್ಲ. ಹಾಗೆಂದು ಅದಕ್ಕೆ ಬೆಲೆಯೂ ಇಲ್ಲವೇ?

ಮರುಭೂಮಿಯಲ್ಲಿ ಹಸಿರು ಬೆಳೆಸಿದರೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳಬಹುದು. ಹಸಿರು ಹೆಚ್ಚಿಸಲೆಂದೇ ಅಮೆರಿಕ ಖಂಡದಿಂದ ತಂದ ಮುಳ್ಳುಗಿಡವೊಂದು ಥಾರಿನಲ್ಲಿ ವಿಲಾಯತಿ ಬಬೂಲ್ ಎಂಬ ಹೆಸರಿನಿಂದಲೂ ನಮ್ಮಲ್ಲಿ ಬಳ್ಳಾರಿ ಜಾಲಿ ಎಂಬ ಹೆಸರಿನಿಂದಲೂ ಹಬ್ಬಿ, ಸ್ಥಳೀಯ ಗಿಡಗಳನ್ನು ಒತ್ತರಿಸುತ್ತಿದೆ. ಅದೂ ತನ್ನ ತವರಿನಲ್ಲಿ ಸಾಧುವೇ. ಗಿಡದಲ್ಲಿ ದೋಷವಿಲ್ಲ, ನೆಲೆಯನ್ನು ಅರಿಯದೆ ನೆಟ್ಟವರಲ್ಲಿ ದೋಷವಿದೆ.

ಆದುದರಿಂದ ನಾವು ಕೇಳುವುದು ಇಷ್ಟೇ: ಮೊದಲು ಮನೆ, ಕಚೇರಿ, ಕಾರ್ಖಾನೆಗಳ ಮಾಡುಗಳ ಮೇಲೆ ಬಿಸಿಲನ್ನು ಹಿಡಿಯೋಣ, ಗುಜರಾತಿನಲ್ಲಿ 2012ರಲ್ಲಿ ಮಾಡಿ ತೋರಿಸಿದಂತೆ ಕಾಲುವೆಗಳ ಮೇಲೂ ಫಲಕಗಳನ್ನು ಹಾಸೋಣ. ಬಯಲಿಗೆ ಹೋಗಲೇಬೇಕಾದಾಗ ಓರಣ್‌ಗಳನ್ನು ಬಿಟ್ಟು, ಅಲ್ಲಿರುವ ಗಿಡ, ಪ್ರಾಣಿ, ಮೇವುಗಳನ್ನು ಎಣಿಸಿದ ಮೇಲೆಯೇ ಸ್ಥಳವನ್ನು ಗೊತ್ತುಮಾಡೋಣ. ನಾಳೆ ಇಂಜಿನಿಯರುಗಳೂ ಅಧಿಕಾರಿಗಳೂ ಆಗಲಿರುವ ವಿದ್ಯಾರ್ಥಿಗಳು ‘ಪಾಳುಭೂಮಿ’ ಎಂಬ ಮಾತನ್ನು ಕೇಳಿದೊಡನೆ, ಅಲ್ಲಿ ಏನೇನಿದೆಯೆಂದು ಎಣಿಸಿದವರು ಯಾರೆಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ. ಎಲೆಯಿಲ್ಲದ ಗಿಡವನ್ನು ಸತ್ತ ಗಿಡವೆಂದು ತಿಳಿಯುವವನ ಕೈಗೆ ಕೊಡಲಿಯನ್ನು ಕೊಡಬಾರದು.