ನಮ್ಮ ಕೇರಿ ನಿಮ್ಮ ಪ್ರಾಕ್ಟಿಕಲ್ಲಾ?



ಹೋದ ವಾರ ನಮ್ಮ ಕೇರಿಗೆ ಎಂಎಸ್‌ಡಬ್ಲ್ಯೂ ಮಕ್ಕಳು ಸರ್ವೆಗೆ ಬಂದಿದ್ರು. ಕುತ್ತಿಗೆಗೆ ಐಡಿ ಕಾರ್ಡು, ಕೈಲಿ ಫಾರಂ. "ಅಮ್ಮಾ, ಶೌಚಾಲಯ ಇದೆಯಾ? ಮನೇಲಿ ಯಾರಾದ್ರೂ ಕುಡೀತಾರಾ?" ಅವ್ವ ಎಲ್ಲಕ್ಕೂ ಉತ್ತರ ಹೇಳಿ ಟೀ ಕಾಸಿ ಕೊಟ್ಳು. ಒಬ್ಬ ಹುಡುಗ ಲೋಟ ಮುಟ್ಟಲಿಲ್ಲ. "ನಾನು ಟೀ ಕುಡಿಯಲ್ಲಮ್ಮಾ" ಅಂದ. ಅರ್ಧ ಗಂಟೆ ಬಿಟ್ಟು ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ಅದೇ ಹುಡುಗ ಟೀ ಕುಡೀತಿದ್ದ.

ಇವನಿಗೆ ಸಮಾಜಕಾರ್ಯದ ಪದವಿ ಸಿಗುತ್ತೆ. ನಾಳೆ ನಮ್ಮನ್ನ ಉದ್ಧಾರ ಮಾಡೋ ಕೆಲಸವೂ ಸಿಗುತ್ತೆ.

ಅವನೊಬ್ಬನನ್ನೇ ಬೈದು ಪ್ರಯೋಜನ ಇಲ್ಲ, ಕಲಿಸೋ ಕಡೆಯೂ ನೋಡಿ. ದೇಶದಲ್ಲಿ ಸಮಾಜಕಾರ್ಯಕ್ಕೆ ಮೊದಲ ಶಾಲೆ ಶುರುವಾಗಿದ್ದು 1936ರಲ್ಲಿ, ಮುಂಬೈಯಲ್ಲಿ. ಅದೇ ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 2018ರ ಫೆಬ್ರವರಿಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಕ್ಲಾಸು ಬಿಟ್ಟು ಮುಷ್ಕರ ಕೂತರು. ಯಾಕೆ? ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ನಂಬಿ ಬಂದ ಎಸ್‌ಸಿ, ಎಸ್‌ಟಿ, ಒಬಿಸಿ ಮಕ್ಕಳಿಗಿದ್ದ ಊಟ, ಹಾಸ್ಟೆಲ್ ಶುಲ್ಕದ ರಿಯಾಯಿತಿ ತೆಗೆದಿದ್ದಕ್ಕೆ. ಸಾಮಾಜಿಕ ನ್ಯಾಯದ ಪಾಠ ಮಾಡೋ ಜಾಗದಲ್ಲೇ ನ್ಯಾಯ ಕೇಳಿ ಧರಣಿ!

"ಸರ್ಕಾರದಿಂದ ದುಡ್ಡು ಬಂದಿಲ್ಲ" ಅಂತೀರಿ. ನಾನೂ ಗುಮಾಸ್ತ ಸ್ವಾಮಿ, ಫೈಲು ಎಲ್ಲಿ ಕೂರುತ್ತೆ ಗೊತ್ತು. ಅದಕ್ಕೆ ಕೂಲಿ ಮಾಡೋ ಅಪ್ಪ ಯಾಕೆ ಬಡ್ಡಿಸಾಲ ಮಾಡಬೇಕು?

ಕೇಳೋದು ಎರಡೇ. ವಿದ್ಯಾರ್ಥಿವೇತನ ಬರೋವರೆಗೂ ನಮ್ಮ ಮಕ್ಕಳ ಹತ್ರ ಶುಲ್ಕ ಕೇಳಬೇಡಿ. ಕೇರಿಗೆ ಕಳಿಸೋ ಮುಂಚೆ ನಿಮ್ಮ ವಿದ್ಯಾರ್ಥಿಗಳನ್ನ ಅವರವರ ಬೀದಿಗೇ ಸರ್ವೆಗೆ ಕಳಿಸಿ. ದಲಿತರಿಗೆ ಬಾಡಿಗೆ ಮನೆ ಯಾಕೆ ಕೊಡಲ್ಲ ಅಂತ ಅಲ್ಲಿ ಫಾರಂ ತುಂಬಿಸಿಕೊಂಡು ಬರಲಿ. ಆಮೇಲೆ ಬನ್ನಿ, ಅವ್ವ ಟೀ ಕಾಸ್ತಾಳೆ.

ಜೈ ಭೀಮ್.