ರಜೆ ಇದ್ದದ್ದು ಶನಿವಾರ, ಹೆರಿಗೆ ಆದದ್ದು ಸೋಮವಾರ

ನಮ್ಮ ಮನೆ ಪಗ್ ಚಿನ್ನಿ ಬಸುರಿ. ಚಪ್ಪಟೆ ಮೂತಿಯ ಈ ತಳಿಗಳಲ್ಲಿ ಮರಿಯ ತಲೆ ದಪ್ಪ, ತಾಯಿಯ ಸೊಂಟ ಕಿರಿದು. ಹಾಗಾಗಿ ಸಿಸೇರಿಯನ್ ಅಂತ ಮೊದಲೇ ತೀರ್ಮಾನವಾಗಿತ್ತು. ನಾಯಿಗೆ 63 ದಿನ ಅಲ್ವಾ? ಕ್ರಾಸ್ ಮಾಡಿಸಿದ ದಿನದಿಂದ ಎಣಿಸಿದೆ, ಶನಿವಾರ ಬಂತು. ನನಗೂ ಆಫೀಸ್ ರಜೆ. "ಅವತ್ತೇ ಮಾಡಿಬಿಡಿ ಡಾಕ್ಟ್ರೇ" ಅಂದೆ.

"63ರ ಲೆಕ್ಕ ಅಂಡ ಬಿಡುಗಡೆಯಾದ ದಿನದಿಂದಮ್ಮ, ಕ್ರಾಸಿಂಗ್ ದಿನದಿಂದಲ್ಲ" ಅಂದ್ರು. ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಸುಮಾರು ಒಂದು ವಾರ ಜೀವಂತ ಇರಬಲ್ಲದು. ಅದಕ್ಕೇ ಕ್ರಾಸಿಂಗ್‌ನಿಂದ ಎಣಿಸಿದರೆ ಹೆರಿಗೆ 57ರಿಂದ 72 ದಿನದೊಳಗೆ ಯಾವಾಗಲಾದರೂ ಆಗಬಹುದು. ಕೆಲವೇ ದಿನ ಮುಂಚೆ ಹೊರತೆಗೆದರೂ ಮರಿಗಳ ಶ್ವಾಸಕೋಶ ಬಲಿತಿರದೆ ಜೀವಕ್ಕೇ ಅಪಾಯ.

ಶನಿವಾರ ರಕ್ತ ಪರೀಕ್ಷೆಯಲ್ಲಿ ಪ್ರೊಜೆಸ್ಟರಾನ್ 4.6 ನ್ಯಾನೋಗ್ರಾಂ ಬಂತು. 2ಕ್ಕಿಂತ ಕೆಳಗಿಳಿದರೆ ಹೆರಿಗೆ ಹತ್ತಿರ ಅಂತ ಅರ್ಥ. ವಾಪಸ್ ಬಂದ್ವಿ. ದಿನಕ್ಕೆ ಮೂರು ಸಲ ಥರ್ಮಾಮೀಟರ್ ಇಟ್ಟು ಬರೆದುಕೊಂಡೆ. ಸೋಮವಾರ ಬೆಳಗಿನ ಜಾವ 101 ಇದ್ದ ಜ್ವರದ ಅಳತೆ 98ಕ್ಕೆ ಇಳಿದಿತ್ತು. ಚಿನ್ನಿ ಹಾಸಿಗೆ ಕೆರೆಯುತ್ತಿದ್ದಳು. ಮ್ಯಾನೇಜರ್‌ಗೆ ಮೆಸೇಜ್ ಹಾಕಿ ಓಡಿದೆ. ಪ್ರೊಜೆಸ್ಟರಾನ್ 1.2.

ಹತ್ತೂವರೆಗೆ ಮೂರು ಮರಿ. ಮೂರೂ ಕುಂಯ್ ಅಂದಾಗಲೇ ನನ್ನ ಉಸಿರು ವಾಪಸ್ ಬಂದದ್ದು.

ನಿಮ್ಮನೇಲೂ ಇಂಥ ತಳಿ ಇದ್ರೆ, ಬೆದೆಗೆ ಬಂದಾಗಲೇ ಪ್ರೊಜೆಸ್ಟರಾನ್ ಟೆಸ್ಟ್ ಮಾಡಿಸಿ ಅಂಡ ಬಿಡುಗಡೆಯ ತಾರೀಖು ಬರೆದಿಡಿ. ನಾನು ಅದೊಂದನ್ನೇ ಮಾಡಿರಲಿಲ್ಲ.